ಬೆಟ್ಟಸ್ವಾಮಿ ತರಕಾರಿ ಓಟಕ್ಕೆ ಹೋದದ್ದು

ಮೈಸೂರಲ್ಲಿ ಒಂದು ಪಾರ್ಕು. ಯಾವ ಪಾರ್ಕು ಅಂತ ಮಾತ್ರ ಕೇಳಬೇಡಿ. ಹೇಳಿದ್ರೆ ನೀವು ನಾಳೆ ಬೆಳಿಗ್ಗೆನೇ ಅದರ ಗೇಟಿಗೆ ಹೋಗಿ, "ಬೆಟ್ಟಸ್ವಾಮಿ ಅವ್ವ ಯಾರು?" ಅಂತ ವಿಚಾರಿಸ್ತೀರ. ಆಗ ಇಸ್ತ್ರಿ ಗಾಡಿ ಹಿಂದಿರೋ ಹೆಂಗಸು ಸೆರಗನ್ನ ಮುಖಕ್ಕೆ ಎಳ್ಕೋತಾಳೆ. ಪಾಪ, ಅವಳು ನಾಚಿಕೆ ಪಟ್ಟಿದ್ದೇ ಸಾಕು.

ಅವಳ ಹೆಸರು ಚಿಕ್ಕತಾಯಮ್ಮ. ಗಂಡ ಇಲ್ಲ. ಇರೋನೊಬ್ಬ ಮಗ, ಅವನೇ ಬೆಟ್ಟಸ್ವಾಮಿ. ಇಪ್ಪತ್ತಾರು ವರ್ಷ, ಬಾಗಿಲಿಗೆ ತಲೆ ತಾಗೋ ಎತ್ತರ. ಮನಸ್ಸು ಹಾಲಿನಂಥದ್ದು. ಆದ್ರೆ ಹೇಳಿದ್ದನ್ನ ಹೇಳಿದ ಹಂಗೇ ಮಾಡ್ತಾನೆ, ಅದೇ ಕಷ್ಟ! "ಗಾಡಿ ಮೇಲೆ ಕಣ್ಣಿಟ್ಟಿರು ಮಗ, ಬಂದೆ" ಅಂದ್ರೆ ಬಗ್ಗಿ ಗಾಡಿ ಹಲಗೆಗೆ ಕಣ್ಣು ಒತ್ತಿ ನಿಂತ್ಕೋತಾನೆ. ಮೇಲಿರೋ ಸೀರೆ ಯಾರಾದ್ರೂ ಎತ್ಕೊಂಡು ಹೋದ್ರೂ ಅವನಿಗೆ ಕಾಣಲ್ಲ. "ಇವನನ್ನ ಕಟ್ಕೊಂಡು ನಾನು ಏನ್ಮಾಡ್ಲಪ್ಪ!" ಅಂತ ಅವಳು ದಿನಾ ಹಣೆ ಚಚ್ಕೋತಿದ್ಲು.

ಆ ಪಾರ್ಕಿಗೆ ಬೆಳಿಗ್ಗೆ ವಾಕಿಂಗ್ ಬರೋರದ್ದು ಒಂದು ಸಂಘ. ಅಧ್ಯಕ್ಷರು ಶಿವನಂಜಪ್ಪ ಮೇಷ್ಟ್ರು, ರಿಟೈರಾದ ಡ್ರಿಲ್ ಮೇಷ್ಟ್ರು. ಒಂದು ಸಲ ಸಂಘದೋರು 'ತರಕಾರಿ ಓಟ' ಇಟ್ಕೊಂಡ್ರು. ಓಡೋರೆಲ್ಲ ಒಂದೊಂದು ತರಕಾರಿ ವೇಷ ಹಾಕ್ಬೇಕು, ಪಾರ್ಕನ್ನ ಎರಡು ಸುತ್ತು ಓಡ್ಬೇಕು. ಬಹುಮಾನ ಗಿಹುಮಾನ ಇಲ್ಲ, ಎಲ್ಲಾ ನಗೋಕೆ.

ಮೇಷ್ಟ್ರು ಇಸ್ತ್ರಿ ಗಾಡಿ ಹತ್ರ ಬಂದು ಅಂದ್ರು, "ಪಾರ್ಕಿನ ಗಿಡಕ್ಕೆ ನೀರು ಬಿಡೋಕೆ ಒಬ್ಬ ಬೇಕಮ್ಮ. ನಿನ್ನ ಮಗನ ಹೆಸರು ಎತ್ತಿದ್ರೆ ಸಂಘದೋರು ನಗ್ತಾರೆ. ಅವನನ್ನ ಓಟಕ್ಕೆ ಕಳ್ಸು. ನಾಲ್ಕು ಜನರ ಜೊತೆ ಸರಿಯಾಗಿರ್ತಾನೆ ಅಂತ ಅವರೂ ನೋಡ್ಲಿ. ಆಮೇಲೆ ಮಾತಾಡೋ ಭಾರ ನಂದು."

ಚಿಕ್ಕತಾಯಮ್ಮ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಕೈ ಮುಗಿದಳು. ಮಗನ ಬಗ್ಗೆ ಯಾರಾದ್ರೂ ಒಂದು ಒಳ್ಳೆ ಮಾತಾಡಿ ಎಷ್ಟು ಕಾಲ ಆಗಿತ್ತೋ!

"ಲೋ ಬೆಟ್ಟ, ಮೇಷ್ಟ್ರ ಹತ್ರ ಹೋಗಿ ನಿನ್ನ ಹೆಸರು ಕೊಟ್ಟು ಬಾ, ಓಡು!"

ಹೋದ. ಕೊಟ್ಟ. ಬಂದ. ಮಧ್ಯಾಹ್ನ ಮುದ್ದೆ ಆರ್ತಾ ಐತೆ, ಅವ್ವ ಕರೀತಾಳೆ, "ಬೆಟ್ಟಸ್ವಾಮಿ, ಉಣ್ಣಕ್ಕೆ ಬಾ!" ಮಾತಿಲ್ಲ. "ಬೆಟ್ಟಸ್ವಾಮಿ!" ಮಾತಿಲ್ಲ. "ಏಯ್ ಬೆಟ್ಟಸ್ವಾಮಿ!" ವಠಾರಕ್ಕೆ ವಠಾರವೇ ಬಾಗಿಲಿಗೆ ಬಂತು. ಅವನು ಜಗಲಿ ಮೇಲೆ ಕೂತು ಸುಮ್ಮನೆ ನೋಡ್ತಾವ್ನೆ.

"ಕಿವಿ ಕೇಳಲ್ವೇನ್ಲಾ?"

"ಕೇಳ್ತದವ್ವ. ಆದ್ರೆ ಆ ಹೆಸರು ಮೇಷ್ಟ್ರಿಗೆ ಕೊಟ್ಟು ಬಂದೆನಲ್ಲ, ಈಗ ಅದು ನಂದಲ್ಲ. ನೀ ಅವರನ್ನೇ ಉಣ್ಣಕ್ಕೆ ಕರೀತಿದ್ದೀಯ ಅಂದ್ಕೊಂಡೆ!"

ವಠಾರದೋರು ಬಿದ್ದು ಬಿದ್ದು ನಕ್ಕರು. ಚಿಕ್ಕತಾಯಮ್ಮನ ಕಿವಿ ಕೆಂಪಾಯ್ತು. "ಅಯ್ಯೋ ಪೆದ್ದ ಮುಂಡೇದೆ! ಹೆಸರು ಕೊಟ್ರೆ ಹೆಸರು ಹೋಗಲ್ಲ ಕಣ್ಲಾ! ಹೆಸರು ಕೊಟ್ಟೋರಿಗೆ ನಂಬರ್ ಬರ್ದಿರೋ ಬಟ್ಟೆ ಕೊಡ್ತಾರೆ. ಅದನ್ನ ಇಸ್ಕೊಂಡು ಎದೆಗೆ ಅಂಟಿಸ್ಕೊಂಡು ಬರ್ಬೇಕಿತ್ತು!"

"ಹಂಗೇ ಮಾಡ್ತೀನವ್ವ!"

ಹೋದ. ಇಸ್ಕೊಂಡ. ನಲವತ್ತೊಂದನೇ ನಂಬರು. ಜೊತೆಗೆ ನಾಲ್ಕು ಪಿನ್ನೂ ಕೊಟ್ರು. ಅವ್ವ ಪಿನ್ನಿನ ಮಾತು ಎತ್ತಿರಲಿಲ್ಲ, ಅವನ್ನ ವಾಪಸ್ ಕೊಟ್ಟ. ಪಕ್ಕದ ಅಂಗಡೀಲಿ ಒಂದು ಸೀಸೆ ಗೋಂದು ತಗೊಂಡ, ಅಂಗಿ ಗುಂಡಿ ಬಿಚ್ಚಿದ, ಸೀಸೆ ಪೂರ್ತಿ ಎದೆಗೆ ಬಳ್ಕೊಂಡ, ಅಂಟಿಸ್ಕೊಂಡ. ಎದೆ ತೆರ್ಕೊಂಡು ನಡುರಸ್ತೇಲಿ ನಡ್ಕೊಂಡು ಬಂದ.

ಬಿಸಿನೀರು ಹಾಕಿದ್ರೂ ಬರಲ್ಲ, ಎಣ್ಣೆ ಹಾಕಿದ್ರೂ ಬರಲ್ಲ. ಅವ್ವ ಎಳೆದಳು. ಬಟ್ಟೆ ಜೊತೆ ಎದೆ ಕೂದಲೂ ಕಿತ್ಕೊಂಡು ಬರ್ತಾ ಐತೆ.

"ಅಯ್ಯಯ್ಯೋ ಅವ್ವಾ! ನಲವತ್ತೊಂದು ನನ್ನ ಬಿಟ್ಟು ಹೋಗಲ್ಲ ಅಂತದೆ!"

"ಬರೀ ಮೈಗೆ ಯಾರಾದ್ರೂ ಹಾಕ್ಕೋತಾರೇನ್ಲಾ? ಅಂಗಿ ಯಾಕಿರೋದು? ಕೊಟ್ಟದ್ದನ್ನ ಅಂಗಿ ಮೇಲೆ ಹಾಕ್ಕೋಬೇಕು! ಅಂಗಿ ಮೇಲೆ! ತಿಳೀತಾ?"

"ತಿಳೀತವ್ವ. ಅಂಗಿ ಮೇಲೆ."

ಓಟಕ್ಕೆ ಒಂದು ವಾರ ಮುಂಚೆ, ಭಾನುವಾರ, ಎಲ್ಲರನ್ನೂ ಪ್ರಾಕ್ಟೀಸಿಗೆ ಕರೆದ್ರು. ಇವನಿಗೆ ಇರೋ ಎರಡು ಅಂಗೀಲಿ ಒಂದಕ್ಕೆ ಗೋಂದು, ಇನ್ನೊಂದು ಬೆನ್ನಲ್ಲಿ ಹರಿದಿತ್ತು. ಚಿಕ್ಕತಾಯಮ್ಮ ಇಸ್ತ್ರಿ ಗಂಟಿನ ಕಡೆ ನೋಡಿದಳು. ಮೇಲೇ ಇತ್ತು ಮೇಷ್ಟ್ರ ಬಿಳಿ ಅಂಗಿ. ಇಪ್ಪತ್ತು ವರ್ಷ ಜನರ ಬಟ್ಟೆ ತಿಕ್ಕಿದ್ದಾಳೆ, ಒಂದು ದಿನಕ್ಕೂ ಇನ್ನೊಬ್ಬರ ಬಟ್ಟೆ ಮೈಗೆ ಸೋಕಿಸಿದವಳಲ್ಲ. ಅವತ್ತು ಅತ್ತಿತ್ತ ನೋಡಿ ಎತ್ಕೊಂಡಳು. ಬಿಳಿ ಅಂಗಿ ಎಲ್ಲಾ ಒಂದೇ ತರ, ಯಾರು ಗುರುತು ಹಿಡೀತಾರೆ ಅಂದ್ಕೊಂಡಳು.

"ಒಂದು ಗಂಟೆ ಅಷ್ಟೇ ಮಗ. ಇದು ಯಾರ ಅಂಗಿ ಅಂತ ಯಾರಿಗೂ ಹೇಳ್ಬೇಡ."

ಪ್ರಾಕ್ಟೀಸು ಚೆನ್ನಾಗೇ ಆಯ್ತು. ಓಡು ಅಂದ್ರು, ಓಡಿದ. ನಿಲ್ಲು ಅಂದ್ರು, ನಿಂತ. ಕಡೇಲಿ ಎಲ್ಲರಿಗೂ ಒಂದೊಂದು ಲೋಟ ಬೀಟ್ರೂಟ್ ಜ್ಯೂಸ್. ಮೇಷ್ಟ್ರೇ ತಮ್ಮ ಕೈಯಾರೆ ಕೊಟ್ರು. "ತಗೋಪ್ಪ ಬೆಟ್ಟಸ್ವಾಮಿ."

ಬೆಟ್ಟಸ್ವಾಮಿ ತಗೊಂಡ. ಕತ್ತಿನ ಹತ್ರ ಲೋಟ ಬಗ್ಗಿಸಿದ. ಅಂಗಿ ಮೇಲೆ ಸುರ್ಕೊಂಡ, ಒಂದು ತೊಟ್ಟೂ ಉಳಿಸದ ಹಂಗೆ.

"ಏಯ್ ಏಯ್! ಇದೇನಯ್ಯ! ಎಂಥ ಒಳ್ಳೆ ಅಂಗಿ! ಯಾರದ್ದಯ್ಯ ಇದು?"

"ಯಾರಿಗೂ ಹೇಳ್ಬಾರ್ದು ಸಾರ್. ನಿಮಗೂ ಹೇಳ್ಬಾರ್ದು. ನಿಮ್ಮ ಅಂಗಿ ಅಂತ ನಿಮಗೇ ಹೇಳ್ಬಿಟ್ರೆ ಅವ್ವ ಬಯ್ತಾಳೆ!"

ಮೇಷ್ಟ್ರು ಕಾಲರ್ ತಿರುವಿ ನೋಡಿದ್ರು. ಒಳಗೆ ಅವರದ್ದೇ ಗುರುತು.

ಚಿಕ್ಕತಾಯಮ್ಮ ಆ ಅಂಗಿಗೆ ನಿಂಬೆಹಣ್ಣು ಉಜ್ಜಿದಳು, ಸೋಡ ಹಾಕಿದಳು, ಮೂರು ಸಲ ಒಗೆದಳು. ಕೆಂಪು ಹೋಗಿ ಗುಲಾಬಿ ಆಯ್ತು, ಗುಲಾಬಿ ಹೋಗಲಿಲ್ಲ. ಅದನ್ನೇ ಗರಿಗರಿ ಇಸ್ತ್ರಿ ಮಾಡಿ ಮೇಷ್ಟ್ರ ಮನೆ ಬಾಗಿಲಲ್ಲಿ ನಿಂತಳು. ಅಂಗೀನ ಎರಡೂ ಕೈಲಿ ಮುಂದೆ ಹಿಡಿದಳು. "ಇರ್ಲಿ ಬಿಡಮ್ಮ" ಅಂದ್ರು ಮೇಷ್ಟ್ರು. ಆ ವಾರ ಅವರ ಮನೆಯಿಂದ ಬಟ್ಟೆ ಗಂಟು ಬರಲಿಲ್ಲ.

ಎರಡು ದಿನ ಅವಳು ಮಗನ ಜೊತೆ ಮಾತಾಡಲಿಲ್ಲ. ಬಯ್ಯೋಕೆ ಹೋದ್ರೆ ಅಂಗಿ ಎತ್ಕೊಟ್ಟ ತನ್ನ ಕೈಯೇ ನೆನಪಾಗ್ತಿತ್ತು. ಮೂರನೇ ದಿನ ಬಾಯಿ ಬಿಟ್ಟಳು.

"ಕೊಟ್ಟದ್ದನ್ನ ಬಾಯಿಗೆ ಹಾಕ್ಕೋಬೇಕು ಕಣ್ಲಾ! ಅಂಗಿ ಮೇಲಲ್ಲ, ಬಾಯಿಗೆ! ಮೇಷ್ಟ್ರು ಇನ್ನೊಂದು ಸಲ ಏನಾದ್ರೂ ಕೊಟ್ರೆ ಮೊದಲು ಬಾಯಿಗೆ ಹಾಕ್ಕೋ!"

"ಬಾಯಿಗೆ ಹಾಕ್ಕೋತೀನವ್ವ. ಅಳ್ಬೇಡ."

ಓಟದ ದಿನ ಬಂತು. ಚಿಕ್ಕತಾಯಮ್ಮ ಮಗನಿಗೆ ತನ್ನದೇ ಹಳೇ ಬಿಳಿ ಸೀರೆ ಸುತ್ತಿ, ತಲೆಗೆ ಒಂದು ಕಂತೆ ಮೂಲಂಗಿ ಸೊಪ್ಪು ಕಟ್ಟಿದಳು. ನೋಡಿದ್ರೆ ಥೇಟು ಮೂಲಂಗಿ! ಪಾರ್ಕಿನ ತುಂಬ ತರಕಾರಿ. ಬ್ಯಾಂಕಿನೋರು ಕುಂಬಳಕಾಯಿ, ಡಾಕ್ಟ್ರಮ್ಮ ಬೆಂಡೆಕಾಯಿ, ಮೂರು ಜನ ಅಕ್ಕತಂಗೀರು ಒಂದೇ ಹುರಳಿಕಾಯಿ. ಎಲ್ಲರೂ ಗೆರೆ ಹತ್ರ ನಿಂತವ್ರೆ, ಓಟ ಹೊರಡೋದೂ ಮುಗಿಯೋದೂ ಅದೇ ಗೆರೇಲಿ. ಮುಖ್ಯ ಅತಿಥಿಗಳು ಇನ್ನೂ ಬಂದಿಲ್ಲ, ಅವರು ಬಂದು ಕೈ ಎತ್ತಿದ ಮೇಲೇ ಮೇಷ್ಟ್ರು ಸೀಟಿ ಊದೋದು.

ಅಷ್ಟರಲ್ಲಿ ಮೇಷ್ಟ್ರ ಬೂಟಿನ ದಾರ ಬಿಚ್ಚಿತು. ಬಗ್ಗೋಕೆ ಮುಂಚೆ ಸೀಟೀನ ಪಕ್ಕದಲ್ಲಿದ್ದ ಮೂಲಂಗಿ ಕೈಗೆ ಕೊಟ್ರು. "ಹಿಡ್ಕೋಪ್ಪ."

ಮೇಷ್ಟ್ರು ಕೊಟ್ರು! ಮೊದಲು ಬಾಯಿಗೆ!

ಬಾಯಿಗೆ ಹಾಕ್ಕೊಂಡ. ಉಸಿರು ಬಿಟ್ಟ. ಪೀಈಈ!

ಇನ್ನೂರು ತರಕಾರಿ ಒಂದೇ ಸಲ ಕಿತ್ಕೊಂಡು ಓಡಿದ್ವು. "ನಿಲ್ರೀ! ನಿಲ್ರೀ!" ಅಂತ ಮೇಷ್ಟ್ರು ಬೂಟಿನ ದಾರ ಕೈಲಿ ಹಿಡ್ಕೊಂಡೇ ಕೂಗ್ತಾರೆ. ಇವನು ಉಸಿರು ಬಿಟ್ಟಾಗೆಲ್ಲ ಪೀ! ಪೀ! ಅವರು ಇನ್ನೂ ಜೋರಾಗಿ ಓಡ್ತಾರೆ. ಅತಿಥಿಗಳ ಕಾರು ಬಂದು ನಿಂತಾಗ ಗೆರೆ ಹತ್ರ ಇದ್ದದ್ದು ಒಬ್ಬ ಮೇಷ್ಟ್ರು, ಒಂದು ಮೂಲಂಗಿ.

ಚಿಕ್ಕತಾಯಮ್ಮ ಗೇಟಿಂದ ಓಡಿ ಬಂದು ಮಗನ ಬಾಯಿಂದ ಸೀಟಿ ಕಿತ್ತಳು. "ಹಾಳಾಗೋದೆ! ಎಲ್ಲರೂ ಹೋದ್ರು, ನೀನು ಇಲ್ಲೇ ನಿಂತಿದ್ದೀಯಲ್ಲ! ಓಡು! ಎರಡು ಸುತ್ತು ಮುಗ್ಸಿ ಕಡೆಯೋನಾಗಿ ಮಾತ್ರ ಗೆರೆ ದಾಟ್ಬೇಡ. ನಿನ್ನ ಹಿಂದೆ ಒಬ್ಬರಾದ್ರೂ ಇರ್ಬೇಕು. ಇಲ್ದಿದ್ರೆ ನಾನು ತಲೆ ಎತ್ಕೊಂಡು ಓಡಾಡೋ ಹಂಗಿಲ್ಲ!"

"ಹಿಂದೆ ಒಬ್ಬರು ಇರ್ಬೇಕು, ಹಿಂದೆ ಒಬ್ಬರು ಇರ್ಬೇಕು" ಅಂತ ಹೇಳ್ಕೊಂಡು ಬೆಟ್ಟಸ್ವಾಮಿ ಓಡಿದ. ಉದ್ದನೇ ಕಾಲು ನೋಡಿ! ಒಂದು ಸುತ್ತಿಗೆ ಹುರಳಿಕಾಯಿ ಹಿಂದೆ ಬಿತ್ತು, ಬೆಂಡೆಕಾಯಿ ಹಿಂದೆ ಬಿತ್ತು. ಎರಡನೇ ಸುತ್ತಿಗೆ ಕುಂಬಳಕಾಯೀನೂ ಹಿಂದೆ ಬಿತ್ತು. ಮುಂದೆ ಯಾರೂ ಇಲ್ಲ, ಮೂಲಂಗಿ ಒಂದೇ! ಜನ ಚಪ್ಪಾಳೆ ತಟ್ಟಿದ್ರು. "ಯಾರಮ್ಮ ಆ ಹುಡುಗ?" ಅಂತ ಯಾರೋ ಕೇಳಿದ್ರು. "ನನ್ನ ಮಗ" ಅಂದಳು ಚಿಕ್ಕತಾಯಮ್ಮ. ಗಟ್ಟಿಯಾಗೇ ಅಂದಳು.

ಗೆರೆಗೆ ಒಂದೇ ಹೆಜ್ಜೆ. ಬೆಟ್ಟಸ್ವಾಮಿ ಗಕ್ಕನೆ ನಿಂತ. ಹಿಂದೆ ಯಾರಾದ್ರೂ ಅವ್ರಾ ಅಂತ ಪೂರ್ತಿ ತಿರುಗಿ ನೋಡಿದ. ನೋಡಿದ್ರೆ ಎಲ್ಲರೂ ಅವನ ಎದುರಿಗೇ ಅವ್ರೆ! ಹಿಂದೆ ಬರೀ ಗೆರೆ!

"ಅಯ್ಯೋ, ಹಿಂದೆ ಒಬ್ಬರೂ ಇಲ್ವಲ್ಲ!"

"ದಾಟೋ! ದಾಟೋ!" ಅಂತ ಜನ ಕೂಗ್ತಾರೆ. ಅವನು ಅಲ್ಲಾಡಲಿಲ್ಲ. ಕುಂಬಳಕಾಯಿ ದಾಟಿತು. ಬೆಂಡೆಕಾಯಿ ದಾಟಿತು. ಇನ್ನೂರೂ ದಾಟಿದ್ವು. ಆಗ ತಿರುಗಿ ನಿಂತ. ಈಗ ಹಿಂದೆ ನಿಜವಾಗ್ಲೂ ಒಬ್ಬರೂ ಇಲ್ಲ. ನಿಂತ. ನಿಂತೇ ಇದ್ದ.

ಭಾಷಣ ಮುಗೀತು, ತಿಂಡಿ ಮುಗೀತು, ಬಟ್ಟೆ ಬ್ಯಾನರ್ ಬಿಚ್ಚಿದ್ರು. ಬಿಸಿಲಿಗೆ ತಲೆ ಮೇಲಿನ ಸೊಪ್ಪು ಬಾಡಿ ಕಣ್ಣಿಗೆ ಇಳಿಬಿತ್ತು. ಜನ ಸುತ್ತ ನಿಂತು ಮೊಬೈಲಲ್ಲಿ ಫೋಟೋ ತೆಗೀತಾವ್ರೆ. ಮೇಷ್ಟ್ರು ಚಿಕ್ಕತಾಯಮ್ಮನ ಹತ್ರ ಬಂದು, ಅವಳ ಮುಖ ನೋಡದೆ ಅಂದ್ರು, "ನೀರಿನ ಕೆಲಸ ಬೇರೆಯೋರಿಗೆ ಹೇಳ್ತೀನಮ್ಮ. ಬೇಜಾರ್ ಮಾಡ್ಕೋಬೇಡ."

"ಇಲ್ಲ ಮೇಷ್ಟ್ರೇ" ಅಂದಳು.

ಭೂಮಿ ಬಾಯಿ ಬಿಟ್ಟಿದ್ರೆ ಒಳಗೆ ಹೋಗ್ಬಿಡ್ತಿದ್ಲು. ಬಿಡಲಿಲ್ಲ. ಚಪ್ಪಲಿ ಬಿಟ್ಟಳು. ಅಷ್ಟು ಜನದ ನಡುವೆ ತಲೆ ತಗ್ಗಿಸ್ಕೊಂಡು ನಡೆದು ಹೋಗಿ ಮಗನ ಹಿಂದೆ ನಿಂತಳು.

"ನಡಿ ಮಗ. ಈಗ ಹಿಂದೆ ನಾನಿದ್ದೀನಿ."

"ಇದ್ದೀಯ ತಾನೆ ಅವ್ವ?"

"ಇದ್ದೀನಿ ಕಣಪ್ಪ. ನಡಿ."

ಬೆಟ್ಟಸ್ವಾಮಿ ಗೆರೆ ದಾಟಿದ. ಯಾರೋ ಒಬ್ಬರು ಚಪ್ಪಾಳೆ ತಟ್ಟಿದ್ರು, ಎಲ್ಲರೂ ತಟ್ಟಿದ್ರು. ಅವನ ಹಿಂದೆನೇ ಚಿಕ್ಕತಾಯಮ್ಮನೂ ದಾಟಿದಳು.

ಬೆಟ್ಟಸ್ವಾಮಿ ತಿರುಗಿ ಅವಳ ಬೆನ್ನ ಹಿಂದೆ ಇಣುಕಿ ನೋಡಿದ. ತಲೆ ಮೇಲೆ ಕೈ ಹೊತ್ಕೊಂಡ.

"ಅವ್ವಾ! ನೀನೇ ಕಡೆಯೋಳಾಗಿ ದಾಟ್ಬಿಟ್ಟೆಯಲ್ಲವ್ವ! ನಿನ್ನ ಹಿಂದೆ ಒಬ್ಬರೂ ಇಲ್ಲ! ಇನ್ನು ನಾನು ಹೆಂಗೆ ತಲೆ ಎತ್ಕೊಂಡು ಓಡಾಡ್ಲಿ?"

ಅವನ ಕಣ್ಣಲ್ಲಿ ನಿಜವಾಗ್ಲೂ ನೀರಿತ್ತು. ಅವಳು ಬಾಯಿ ತೆಗೆಯೋಕೆ ಮುಂಚೆ ಅವಳನ್ನ ಅನಾಮತ್ತಾಗಿ ಎತ್ಕೊಂಡು ಗೆರೆಯಿಂದೀಚೆ ತಂದು ಇಳಿಸಿದ. ತಾನು ಅವಳ ಹಿಂದೆ ನಿಂತ.

"ನಡಿಯವ್ವ, ಯಾರು ನಗ್ತಾರೋ ನೋಡೇಬಿಡ್ತೀನಿ. ಈಗ ನಿನ್ನ ಹಿಂದೆ ನಾನಿದ್ದೀನಿ!"

ಅವಳು ದಾಟಿದಳು. ಅವನೂ ದಾಟೋಕೆ ಕಾಲೆತ್ತಿದ. ಎತ್ತಿದ ಕಾಲು ಅಲ್ಲೇ ನಿಂತಿತು. ಮೆಲ್ಲಗೆ ಹಿಂದಕ್ಕೆ ನೋಡಿದ.