ಅಧಿಕಾರಿಯ ತೊಡೆ ಮೇಲಿನ ಬ್ಯಾಟರಿ

ವಿಮಾನದಲ್ಲಿ ಸಾಗಿಸುವ ಲಿಥಿಯಂ ಬ್ಯಾಟರಿಗಳ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ ವಾಮನಮೂರ್ತಿ, ಅಳಿಯನ ಅಂಗಡಿಯ ಹಳೇ ಮೊಬೈಲ್ ಬ್ಯಾಟರಿಗಳನ್ನು ತುಂಬಿದ ಪೆಟ್ಟಿಗೆ ಹೊತ್ತು ವಿಮಾನ ನಿಲ್ದಾಣಕ್ಕೆ ಬಂದರು. ಕೆಲವು ಬ್ಯಾಟರಿಗಳು ಉಬ್ಬಿದ್ದವು; ಅಂಥವು ಬಿಸಿಯಾಗಿ ಯಾವಾಗ ಬೇಕಾದರೂ ಹೊತ್ತಿಕೊಳ್ಳಬಹುದು.

"ತಪಾಸಣೆ ಗಿಪಾಸಣೆ ಬೇಡ. ನಿಯಮ ಬರೆದವನೇ ನಾನು. ನನ್ನ ವಿಮಾನಕ್ಕೇ ಹಾಕು. ಇಲ್ಲಾಂದ್ರೆ ನಿನ್ನ ಕೆಲಸ ಹೋಗುತ್ತೆ!"

ಸರಕು ವಿಭಾಗದ ಗುಮಾಸ್ತೆ ಲವೀನಾ ತಲೆಬಾಗಿದಳು. "ಆಗಲಿ ಸರ್. ವಿಮಾನ ಬರೋವರೆಗೆ ಪೆಟ್ಟಿಗೆ ನಿಮ್ಮ ತೊಡೆ ಮೇಲೇ ಇರಲಿ."

ಅಧಿಕಾರಿ ಗತ್ತಿನಿಂದ ಕೂತರು. ಸ್ವಲ್ಪ ಹೊತ್ತಿಗೆ ಬೆವರತೊಡಗಿದರು.

"ಏನಮ್ಮಾ, ಇದು ಬಿಸಿ ಆಗ್ತಾ ಇದೆಯಾ?"

"ನನಗೇನು ಗೊತ್ತು ಸರ್? ಎಷ್ಟು ಬಿಸಿಯಾದರೆ ಎದ್ದು ಓಡಬೇಕು ಅಂತ ನಿಯಮದಲ್ಲಿ ಬರೆದಿದ್ದೀರಿ?"

ಅವರು ಪೆಟ್ಟಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟು ಬಾಗಿಲಿಗೆ ಓಡಿದರು. ಅಲ್ಲಿಂದಲೇ ಕೂಗಿದರು: "ತಪಾಸಣೆ ಮಾಡಮ್ಮಾ, ಪೂರ್ತಿ ಮಾಡು!"

ಪೆಟ್ಟಿಗೆ ಫೇಲಾಯಿತು. ಅಧಿಕಾರಿ ಬರಿಗೈಲಿ ವಿಮಾನ ಹತ್ತಿದರು.