ಗುರವ್ವನ ಸೆರಗಿನ ಗಂಟು

ಯಾವ ಕಾಲವೋ, ಎಣಿಸಿ ಹೇಳುವವರು ಈಗ ಯಾರೂ ಇಲ್ಲ. ಹೊಳೆಕಟ್ಟಿ ಅಂತ ಒಂದು ಊರು, ಆ ಊರಲ್ಲಿ ಒಂದು ನಾಟಕ ಕಂಪನಿ, ಆ ಕಂಪನಿಯಲ್ಲಿ ಅಡಿವೆಪ್ಪ ಅಂತ ಒಬ್ಬ ನಟ. ಅವನ ಹಾಗೆ ಸಾಯುವವರು ಇನ್ನೊಬ್ಬರಿರಲಿಲ್ಲವಂತೆ. ಖಳನ ಪಾತ್ರ ಅವನದು. ಕತ್ತಿ ತಾಗಿ ಬಿದ್ದನೆಂದರೆ, ಕಣ್ಣಿನ ಮೇಲೆ ನೊಣ ಕೂತರೂ ರೆಪ್ಪೆ ಅಲುಗುತ್ತಿರಲಿಲ್ಲವಂತೆ.

ಅವನನ್ನು ಸಾಕಿದವಳು ಅಕ್ಕ ಗುರವ್ವ. ಚಿಕ್ಕವಳಿದ್ದಾಗ ತಾಯಿ-ತಂದೆ ಪ್ಲೇಗಿನಲ್ಲಿ ಹೋದರು. ಮಲಗಿದ್ದಾರೆ, ಏಳುತ್ತಾರೆ ಅಂತ ನೆರೆಯವರು ಸಮಾಧಾನ ಹೇಳಿದ್ದರಂತೆ. ಅವಳು ಕಾಯುತ್ತಲೇ ಇದ್ದಳಂತೆ.

ಅದಕ್ಕೇ ತಮ್ಮ ರಂಗದ ಮೇಲೆ ಬಿದ್ದ ಕೂಡಲೇ ಅವಳು ಸೆರಗಿನ ತುದಿಗೆ ಒಂದು ಗಂಟು ಹಾಕುತ್ತಿದ್ದಳು. ಕಡೆಗೆ ಮಂಗಳ ಹಾಡುವಾಗ ಸತ್ತವರೂ ಕೊಂದವರೂ ಸಾಲಾಗಿ ನಿಲ್ಲುವುದು ಕಂಪನಿಯ ಪದ್ಧತಿ. ಅಡಿವೆಪ್ಪ ಎದ್ದು ಬಂದು ನಿಂತ ಮೇಲೆಯೇ ಅವಳು ಗಂಟು ಬಿಚ್ಚುತ್ತಿದ್ದಳು, ಆಮೇಲೆಯೇ ಉಸಿರು ಬಿಡುತ್ತಿದ್ದಳು ಅಂತಾರೆ.

ಹೀಗಿರುವಾಗ ಸಿನಿಮಾದವರು ಬಂದು ಅಡಿವೆಪ್ಪನನ್ನು ಕರೆದುಕೊಂಡು ಹೋದರು. ವರ್ಷ ಕಳೆದು ಆ ಚಿತ್ರ ಹೊಳೆಕಟ್ಟಿಯ ಟೆಂಟಿಗೆ ಬಂತು. ಊರಿಗೆ ಊರೇ ನೋಡಿತು. ಪರದೆಯ ಮೇಲೆ ಅಡಿವೆಪ್ಪ ಸತ್ತ. ಗುರವ್ವ ಗಂಟು ಹಾಕಿದಳು. ನಾಯಕನ ಮದುವೆಯಾಯಿತು, ಪರದೆ ಬಿಳಿಯಾಯಿತು. ಮಂಗಳವೇ ಇಲ್ಲ. ಜನ ಎದ್ದು ಹೋದರೂ ಅವಳು ಏಳಲಿಲ್ಲ.

"ಏ ಗುರವ್ವಾ, ಮದುವಿ ಮುಗೀತು. ಇವರು ಊಟಾ ಹಾಕಂಗಿಲ್ಲ, ಏಳು" ಅಂತ ಟಿಕೆಟ್ ಹರಿಯುವ ದಾವಲಸಾಬ ನಕ್ಕನಂತೆ. ಅವಳ ಮುಖ ನೋಡಿ ಆಮೇಲೆ ನಗಲಿಲ್ಲವಂತೆ.

ಮನೆಗೆ ಬಂದವಳು ಆ ಸೀರೆ ಬಿಡಲಿಲ್ಲ, ಸರಿಯಾಗಿ ಉಣ್ಣಲಿಲ್ಲ. ಅಕ್ಕ ಒಣಗುತ್ತಿದ್ದಾಳೆ ಅಂತ ಪಟ್ಟಣಕ್ಕೆ ಸುದ್ದಿ ಹೋಯಿತು. ಅಡಿವೆಪ್ಪ ಓಡಿ ಬಂದ. ಗುರವ್ವ ಅವನ ಕೆನ್ನೆ ಮುಟ್ಟಿದಳು, ರೊಟ್ಟಿ ಬಡಿದು ಹಾಕಿದಳು. ಗಂಟು ಮಾತ್ರ ಹಾಗೇ ಇತ್ತು.

"ನಾ ಇಲ್ಲೇ ಅದೀನಲ್ಲಬೇ ಅಕ್ಕಾ" ಅಂದ.

"ನೀ ಬಂದಿ, ಖರೆ. ಅಲ್ಲಿ ಬಿದ್ದಾಂವ ಇನ್ನೂ ಎದ್ದಿಲ್ಲೋ ತಮ್ಮಾ."

ಚಿತ್ರ ಇನ್ನೂ ಊರ ಟೆಂಟಿನಲ್ಲೇ ಇತ್ತು. ಆ ಸಂಜೆ ಅಡಿವೆಪ್ಪ ಅಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಆಟ ಮುಗಿಯುವ ಹೊತ್ತಿಗೆ ಪರದೆಯ ಮುಂದಿನ ಮಣ್ಣಿನಲ್ಲಿ, ಚಿತ್ರದಲ್ಲಿ ಬಿದ್ದಿದ್ದ ಹಾಗೆಯೇ ಬಿದ್ದುಕೊಂಡ. ದಾವಲಸಾಬ ದೀಪ ಹಾಕಿದ. ಯಾರೋ ಮಂಗಳ ಎತ್ತಿಕೊಂಡರು, ಟೆಂಟೆಲ್ಲ ಹಾಡಿತು. ಅವನು ಎದ್ದು ನಿಂತ. ಗಂಟು ಬಿಚ್ಚಲು ಗುರವ್ವನಿಗೆ ಬಹಳ ಹೊತ್ತು ಹಿಡಿಯಿತಂತೆ.

ಆದರೆ ಚಿತ್ರ ಇನ್ನೊಂದು ಊರಿಗೆ ಹೋಯಿತು. ಅಲ್ಲಿ ಎಬ್ಬಿಸುವವರು ಯಾರು? ಈಗ ಆ ಚಿಂತೆ ಅಡಿವೆಪ್ಪನಿಗೇ ಹತ್ತಿಕೊಂಡಿತು. ಟೆಂಟಿನಿಂದ ಟೆಂಟಿಗೆ ಚಿತ್ರದ ಬೆನ್ನು ಹತ್ತಿ ಹೋಗಿ ಎದ್ದು ನಿಂತನಂತೆ. ಸಾಯದ ಪಾತ್ರವಿದ್ದರೆ ಹೇಳಿ ಅಂತ ಸಿನಿಮಾದವರನ್ನು ಕೇಳಿದನಂತೆ. ಸಾಯದ ಖಳ ಅವರಿಗೆ ಯಾಕೆ ಬೇಕು? ಕರೆಯುವುದು ನಿಂತಿತು. ಅವನು ಕಂಪನಿಗೇ ಮರಳಿ, ಮುಪ್ಪಾಗುವ ತನಕ ಸತ್ತು ಸತ್ತು ಎದ್ದ.

ಒಂದು ಮುಂಜಾನೆ ಹಾಸಿಗೆಯಿಂದ ಏಳಲಿಲ್ಲ. ಗುರವ್ವ ಗಂಟು ಹಾಕಿ ಪಕ್ಕದಲ್ಲಿ ಕೂತಳು. ಹೊರಡಿಸೋಣ ಅನ್ನಲು ಯಾರಿಗೂ ಧೈರ್ಯವಿಲ್ಲ. ಕಂಪನಿಯವರು ಮಂಗಳ ಹಾಡಿದರು. ಎಲ್ಲರ ಕಣ್ಣೂ ಅವನ ಕಾಲ್ಬೆರಳಿನ ಮೇಲೆ. ಹಾಡು ಮುಗಿಯಿತು. ಇನ್ನೊಂದು ಸಲ ಹಾಡ್ರಿ ಅಂದಳು ಗುರವ್ವ. ಹಾಡಿದರು. ಆಮೇಲೆ ಅವಳೇ ಎದ್ದು, ಗಂಟು ಬಿಚ್ಚದೆಯೇ, ದಾರಿ ಬಿಟ್ಟಳಂತೆ.

ಇಂದಿಗೂ ಹೊಳೆಕಟ್ಟಿಯಲ್ಲಿ ಯಾರೇ ಹೋಗಲಿ, ಹೊರುವ ಮುಂಚೆ ಎರಡು ಸಲ ಮಂಗಳ ಹಾಡಿ, ಕಾಲ್ಬೆರಳು ನೋಡುತ್ತ ನಿಲ್ಲುತ್ತಾರೆ. ಮನೆಯ ಹೆಂಗಸರು ಸೆರಗಿಗೆ ಗಂಟು ಹಾಕಿಕೊಳ್ಳುತ್ತಾರೆ. ಅದನ್ನು ಯಾರೂ ಬಿಚ್ಚುವುದಿಲ್ಲ. ಉಟ್ಟು ಒಗೆದು, ಉಟ್ಟು ಒಗೆದು, ಅದು ತಾನಾಗಿ ಸಡಿಲವಾಗಬೇಕು.