ಬಾಗಿಲ ಮುಂದಿನ ಹಿಡಿ ಜೋಳ

ಪೂಜ್ಯ ನೆಹೆಮೀಯ ಅಯ್ಯನವರು ಮಲಪ್ರಭೆಯ ದಂಡೆಯ ನೇಕಾರರ ಓಣಿಯಲ್ಲಿ ಕ್ರೈಸ್ತ ಸಭಾಪಾಲಕರಾಗಿದ್ದ ಕಾಲವದು. ಅವರಿಗಿದ್ದದ್ದು ಒಂದೇ ಕೋಣೆ, ಒಂದು ಚಾಪೆ. ಊಟ ಸಭೆಯ ಹಿಡಿ ಜೋಳದ್ದು. ಅಡುಗೆಗೆ ಕೂರುವ ಮುನ್ನ ಪ್ರತಿ ಮನೆಯ ಹೆಣ್ಣುಮಗಳು ಒಂದು ಹಿಡಿ ಜೋಳ ತೆಗೆದು ದೇವರ ಗಡಿಗೆಗೆ ಹಾಕಿ, ಭಾನುವಾರ ಅದನ್ನು ದೇವಾಲಯದ ಪೆಟ್ಟಿಗೆಗೆ ಸುರಿಯುತ್ತಿದ್ದಳು. ಅಯ್ಯನವರೂ ಸಭೆಯ ವಿಧವೆಯರೂ ಅದರಲ್ಲೇ ಉಣ್ಣುತ್ತಿದ್ದರು.

ಯುದ್ಧ ಬಂತು, ನೂಲು ನಿಂತಿತು, ಮಗ್ಗಗಳು ಸುಮ್ಮನಾದವು. ಪೆಟ್ಟಿಗೆ ಬರಿದಾಗುತ್ತ ಬಂದಾಗ ಅಯ್ಯನವರು ಪೀಠದಿಂದ ಹೇಳಿದರು: "ಹಸಿವಿನ್ಯಾಗೂ ದೇವರ ಹಿಡಿ ತಪ್ಪಸಬ್ಯಾಡ್ರಿ." ಸಂತರೂ ಮನುಷ್ಯರೇ. ಆ ಮಾತು ಎಲ್ಲಿ ಹೋಗಿ ಬೀಳುತ್ತದೆಂದು ಅವರಿಗೆ ತಿಳಿಯಲಿಲ್ಲ.

ಬಿದ್ದದ್ದು ನೇಕಾರ ಜೀವಪ್ಪನ ಮನೆಯಲ್ಲಿ. ಅವನ ಐದು ವರ್ಷದ ಮಗಳು ತಬಿತಾ ಹಸಿದು ಸೊರಗಿ ಜ್ವರಕ್ಕೆ ಸಿಕ್ಕು ಕಣ್ಣು ಮುಚ್ಚಿದಳು. ಮಣ್ಣು ಮಾಡಿ ಬಂದ ಜೀವಪ್ಪ ನೆಲುವಿನಲ್ಲಿದ್ದ ದೇವರ ಗಡಿಗೆ ಇಳಿಸಿ ನೋಡಿದರೆ, ಅರ್ಧ ಗಡಿಗೆ ಜೋಳ! ಮಗಳ ಜ್ವರದಿಂದಾಗಿ ಕೆಲವು ಭಾನುವಾರ ದೇವಾಲಯಕ್ಕೆ ಹೋಗಲಾಗದಿದ್ದರೂ, ಹೆಂಡತಿ ಎಲೀಸವ್ವ ಒಂದು ದಿನವೂ ದೇವರ ಹಿಡಿ ತಪ್ಪಿಸಿರಲಿಲ್ಲ. "ಎಂಥಾ ಭಕ್ತಿ ನೋಡ್ರಿ" ಎಂದರು ನೆರೆಯವರು. ಅವನಿಗೆ ಗಾಯಕ್ಕೆ ಉಪ್ಪು ಸವರಿದಂತಾಯಿತು. "ನಾಳೆ ತವರಿಗೆ ಹೋಗು, ತಿರುಗಿ ಬರಬ್ಯಾಡ" ಎಂದು ಹೆಂಡತಿಗೆ ಹೇಳಿದವನೇ ಗಡಿಗೆ ಹೊತ್ತು ಅಯ್ಯನವರ ಮನೆಗೆ ನಡೆದ.

"ತಗೋರಿ ನಿಮ್ಮ ಪಾಲು. ನನ್ನ ಮಗಳ ತುತ್ತಿದು. ಇದನ್ನ ಕೂಡಿಟ್ಟಾಕಿನ್ನ ನಾಳೆ ತವರಿಗೆ ಕಳಸ್ತೀನಿ."

ಅಯ್ಯನವರು ಗಡಿಗೆಯ ಮುಂದೆ ನೆಲದ ಮೇಲೆ ಕೂತರು.

"ಎಲೀಸವ್ವನ್ನ ಕಳಸಬ್ಯಾಡ, ಜೀವಪ್ಪಾ. ನಾ ಹೇಳಿದ್ದು ಆಕಿ ಮಾಡ್ಯಾಳ. ಕೂಸನ್ನ ಕೊಂದದ್ದು ಈ ಬಾಯಿ."

ಜಗಳಕ್ಕೆ ಬಂದವನಿಗೆ ಜಗಳವೇ ಸಿಗಲಿಲ್ಲ. ಅವನು ಗಡಿಗೆಯನ್ನು ಅಲ್ಲೇ ಬಿಟ್ಟು ಬಂದ. ಹೆಂಡತಿಯನ್ನು ಕಳಿಸಲಿಲ್ಲ, ಮಾತೂ ಆಡಿಸಲಿಲ್ಲ.

ಭಾನುವಾರ ಅಯ್ಯನವರು ಪೀಠ ಹತ್ತದೆ ನೆಲದ ಮೇಲೆ ನಿಂತು ಕೂಸನ್ನು ಕೊಂದದ್ದು ತನ್ನ ಬಾಯಿ ಎಂಬ ಅದೇ ಮಾತನ್ನು ಸಭೆಗೆಲ್ಲ ಹೇಳಿದರು. "ಮನಿಯೊಳಗ ಹಸದ ಕೂಸಿದ್ರ, ಅದ ದೇವರ ಗಡಿಗಿ" ಎಂದು ಪೆಟ್ಟಿಗೆಯ ಜೋಳವನ್ನೆಲ್ಲ ಮಕ್ಕಳಿದ್ದ ಮನೆಗಳಿಗೆ ಹಂಚಿದರು. ದೇವರ ಪಾಲು ಹಂಚಿದ್ದು ತಪ್ಪೆಂದು ನಾಲ್ಕಾರು ಮನೆಯವರು ಮುಖ ತಿರುಗಿಸಿ ಸಭೆಯನ್ನೇ ಬಿಟ್ಟರು. ಸೋಮವಾರದಿಂದ ಅರವತ್ತು ದಾಟಿದ ಅಯ್ಯನವರು ರಸ್ತೆಯ ಕೆಲಸಕ್ಕೆ ಕಲ್ಲು ಒಡೆಯಲು ಹೋಗತೊಡಗಿದರು. ಕೂಲಿಯ ಜೋಳ ವಿಧವೆಯರಿಗೆ. ಅದರಲ್ಲೊಂದು ಹಿಡಿ ಜೀವಪ್ಪನ ಬಾಗಿಲಿಗೆ. ಅವನು ಬಿಟ್ಟುಹೋಗಿದ್ದ ತಬಿತಾಳ ಗಡಿಗೆಯನ್ನು ಅವನ ಹೊಸ್ತಿಲ ಹೊರಗಿಟ್ಟು, ದಿನಾ ಸಂಜೆ ಒಂದು ಹಿಡಿ ಹಾಕಿ, ಬಾಗಿಲು ತಟ್ಟದೆ ಹೋಗುತ್ತಿದ್ದರು.

ಗಂಡ ಹೆಂಡತಿ ಅದನ್ನು ಮುಟ್ಟಲಿಲ್ಲ. ಎರಡು ತಿಂಗಳು ಹೀಗೇ ನಡೆಯಿತು. ಒಂದು ಸಂಜೆ ಹೆಜ್ಜೆಯ ಸಪ್ಪಳ ಕೇಳಲಿಲ್ಲ. ಜೀವಪ್ಪ ತಾಳಲಾರದೆ ಎದ್ದು ಹೋಗಿ ನೋಡಿದ. ಅಯ್ಯನವರು ಜ್ವರದಲ್ಲಿ ಚಾಪೆಗೆ ಅಂಟಿಕೊಂಡಿದ್ದರು. ಅಂಗೈ ಒಡೆದು ರಕ್ತ ಒಣಗಿತ್ತು. ಒಲೆಯೊಳಗೆ ಬೂದಿಯೂ ತಣ್ಣಗಾಗಿತ್ತು.

ಅವನು ಮನೆಗೆ ಬಂದು ಗಡಿಗೆಯನ್ನು ಒಳಗೆ ತಂದ. "ಎಲೀಸಾ, ಒಲಿ ಹಚ್ಚು. ಅಯ್ಯನವರಿಗೆ ಗಂಜಿ ಆಗಬೇಕು." ತವರಿಗೆ ಹೋಗೆಂದ ಆ ದಿನದ ಮೇಲೆ ಹೆಂಡತಿಯೊಡನೆ ಅವನಾಡಿದ ಮೊದಲ ಮಾತದು. ಜೋಳಕ್ಕೆ ಕೈ ಹಾಕಿದ ಎಲೀಸವ್ವ, ಮಣ್ಣು ಮಾಡಿದ ದಿನವೂ ಅಳದವಳು, ಅಂದು ಗಡಿಗೆ ತಬ್ಬಿಕೊಂಡು ಅತ್ತಳು.

ಮಗಳನ್ನು ಕೊಂದೆನೆಂದು ಒಪ್ಪಿಕೊಂಡಿದ್ದ ಆ ಬಾಯಿಗೆ, ಮಗಳ ಗಡಿಗೆಯ ಗಂಜಿಯನ್ನು ಜೀವಪ್ಪ ತನ್ನ ಕೈಯಾರೆ ಹನಿ ಹನಿಯಾಗಿ ಹಾಕಿದ.